ಭಿಕ್ಷುವಿನ ಎಡಗಾಲಿನ ಶೂ

ನಡೆಯುವಾಗ ನಾನು ನೆಲ ನೋಡುತ್ತೇನೆ. ವಿನಯದಿಂದಲ್ಲ, ಹೆದರಿಕೆಯಿಂದ. ಹೋದ ವರ್ಷದ ಜನವರಿಯಲ್ಲಿ, ಇಲ್ಲಿ ಕೆನಡಾದಲ್ಲಿ, ನಮ್ಮದೇ ಮನೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಎಡಸೊಂಟ ಮುರಿದುಕೊಂಡೆ. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ.

ಈ ವರ್ಷ ಬುದ್ಧಪೂರ್ಣಿಮೆಯ ಹೊತ್ತಿಗೆ ಪಕ್ಕದ ಮನೆಯ ಶ್ರೀಲಂಕಾದವರು ಮೂರು ಬೌದ್ಧ ಮಂದಿರಗಳಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ನಾನೂ ಹೆಸರು ಕೊಟ್ಟೆ. ಭಕ್ತಿಗಿಂತ ಪರೀಕ್ಷೆಯೇ ಹೆಚ್ಚು. ಮೂರನೆಯದನ್ನು ನನ್ನ ಕಾಲ ಮೇಲೆ ಮುಟ್ಟಿದರೆ ನಾನು ಮತ್ತೆ ಓಡಾಡುವ ಮನುಷ್ಯ. ಇಲ್ಲದಿದ್ದರೆ ಊರನ್ನು ಕಾರಿನ ಗಾಜಿನಿಂದ ನೋಡುವವನು.

“ಸಾಕಾತಂದ್ರ ಫೋನ್ ಮಾಡ್ರಿ, ಕಾರ್ ತರ್ತೇನಿ. ಬುದ್ಧ ಏನ್ ಸಿಟ್ಟಾಗಂಗಿಲ್ಲ,” ಎಂದಳು ಹೆಂಡತಿ. ನಾವು ಧಾರವಾಡದವರು. ಜೊತೆಗೆ ಬಂದ ಗೆಳೆಯ ಶೆಟ್ಟರು ಉಡುಪಿಯವರು. ಕೊನೆಯ ಮಂದಿರದಲ್ಲಿ ಊಟವಿದೆ ಎಂಬ ಸುದ್ದಿಗೆ ಬಂದವರು.

ರೆಕ್ಸ್‌ಡೇಲಿನ ಮೊದಲ ಮಂದಿರ ಒಂದು ಮಾಮೂಲಿ ಮನೆ; ಗರಾಜಿನಲ್ಲಿ ಬುದ್ಧ ಕೂತಿದ್ದ. ಎರಡನೆಯದು ಟೈರಿನ ಅಂಗಡಿಗೂ ಟೈಲ್ಸ್ ಗೋದಾಮಿಗೂ ನಡುವೆ. ಎರಡು ಮಂದಿರಗಳ ಮಧ್ಯೆ ಆರು ಲೇನಿನ ರಸ್ತೆ. ಇಲ್ಲಿ ನಡೆದು ಹೋಗುವವನನ್ನು ಯಾತ್ರಿಕ ಎಂದು ಯಾರೂ ತಿಳಿಯುವುದಿಲ್ಲ; ಬಸ್ಸು ತಪ್ಪಿಸಿಕೊಂಡವನು ಎಂದು ತಿಳಿಯುತ್ತಾರೆ.

ಎರಡನೆಯ ಮಂದಿರ ಬಿಟ್ಟು ಎರಡು ಕಿಲೋಮೀಟರ್ ಆಗಿರಬೇಕು. ಶೆಟ್ಟರು ನಿಂತರು.

“ಎಂತ ಮಾರಾಯ್ರೆ, ನಿಮ್ಮ ಒಂದು ಶೂ ಹೊಸತು, ಒಂದು ಹಳತು?”

ಬಲಗಾಲಿನದು ನನ್ನದು. ಎಡಗಾಲಿನದು ಅಲ್ಲ. ಇಡೀ ದಾರಿ ನೆಲವನ್ನೇ ನೋಡಿಕೊಂಡು ಬಂದವನಿಗೆ ತನ್ನ ಪಾದ ಕಂಡಿರಲಿಲ್ಲ. ತಪ್ಪಿನ ಮೂಲ ನನ್ನ ಹಳೆಯ ಅಭ್ಯಾಸ. ಗುಡಿಗೆ ಹೋದರೆ ಒಂದು ಚಪ್ಪಲಿ ಇಲ್ಲಿ, ಇನ್ನೊಂದು ದೂರದಲ್ಲಿ ಬಿಡುತ್ತೇನೆ; ಜೋಡಿ ಸಿಗದಿದ್ದರೆ ಕಳ್ಳ ಮುಟ್ಟುವುದಿಲ್ಲ. ಈ ಸಲ ದೂರದ ಮೂಲೆಯಲ್ಲಿ ನನ್ನದೆಂದು ಹಾಕಿಕೊಂಡದ್ದು ಅದೇ ಬಣ್ಣದ ಬೇರೆಯವರ ಶೂ.

“ಕೆನಡಾದಲ್ಲಿ ಯಾರು ಕದೀತಾರೆ ಮಾರಾಯ್ರೆ?”

“ನಾನು ಕದ್ದೆನಲ್ಲ!”

ಫೋನ್ ಜೇಬಿನಲ್ಲೇ ಇತ್ತು. ಕಾರು ಕರೆಸಿದರೆ ಹತ್ತು ನಿಮಿಷದ ಕೆಲಸ, ಆದರೆ ನನ್ನ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಉಳಿದವರನ್ನು ಮುಂದೆ ಕಳಿಸಿ ನಾವಿಬ್ಬರೂ ನಡೆದೇ ಹಿಂದಿರುಗಿದೆವು. ಶೆಟ್ಟರು ಪ್ರತಿ ಸಿಗ್ನಲ್ಲಿನಲ್ಲೂ ಊಟದ ಹೊತ್ತು ನೆನಪಿಸಿದರು.

ಮಂದಿರದ ಮೆಟ್ಟಿಲ ಮೇಲೆ ವಯಸ್ಸಾದ ಭಿಕ್ಷು ಒಬ್ಬರು ಶೂ ಇಲ್ಲದೆ ಕಾಲುಚೀಲದಲ್ಲೇ ಕೂತಿದ್ದರು. ಪಕ್ಕದಲ್ಲಿ ಅವರ ಬಲಗಾಲಿನದೂ ನನ್ನ ಎಡಗಾಲಿನದೂ ಜೋಡಿಯಂತೆ ಇದ್ದವು. ಭಿಕ್ಷುವಿಗೆ ಸ್ವಂತದ್ದೆಂದು ಇರುವುದು ಎಂಟೇ ವಸ್ತು ಎಂದು ಓದಿದ್ದೆ: ಮೂರು ವಸ್ತ್ರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟದ ಪಟ್ಟಿ, ನೀರು ಸೋಸುವ ಬಟ್ಟೆ. ಕದ್ದದ್ದು ಒಬ್ಬ ಭಿಕ್ಷುವಿನದೇ ಆಗಿದ್ದರೂ ಶೂ ಆ ಪಟ್ಟಿಯಲ್ಲಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡಿದ್ದೆ. ಆ ಕಾಲುಚೀಲ ಕಂಡಾಗ ಸಮಾಧಾನ ಹೋಯಿತು.

ಕೈಮುಗಿದೆ. ಅವರು ನನ್ನ ಶೂ ಎತ್ತಿ ಇಂಗ್ಲಿಷಿನಲ್ಲಿ ಕೇಳಿದರು: “ಇದರ ಹಿಮ್ಮಡಿಯಲ್ಲಿ ದಪ್ಪ ಪ್ಯಾಡ್ ಇದೆ. ಇದಿಲ್ಲದೆ ಹೇಗೆ ನಡೆದಿರಿ?”

ಸೊಂಟ ಮುರಿದ ಮೇಲೆ, ಮೂರು ತಿಂಗಳ ಮಟ್ಟಿಗೆ ಎಂದು ಫಿಸಿಯೋದವರು ಕೊಟ್ಟದ್ದು. ವರ್ಷ ದಾಟಿದರೂ ಅದಿಲ್ಲದೆ ನಾನು ಬಾಗಿಲ ಅಂಚೆ ತರಲೂ ಹೋದವನಲ್ಲ. ಈಗ ನಾಲ್ಕು ಕಿಲೋಮೀಟರ್!

“ಇಲ್ಲ ಅಂತ ಗೊತ್ತಿರಲಿಲ್ಲ,” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನ ಶೂ ಹಾಕಿಕೊಂಡು ಹೊರಟೆ. ಪ್ಯಾಡಿನ ಮೇಲೆ ಹತ್ತು ಹೆಜ್ಜೆ ಇಡುವಷ್ಟರಲ್ಲೇ ಸೊಂಟ ನೋಯತೊಡಗಿತು. ನಿಂತು ಯೋಚಿಸಿ, ಪ್ಯಾಡ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಮೂರನೆಯ ಮಂದಿರ ಮುಟ್ಟುವಾಗ ಪಾತ್ರೆ ತೊಳೆಯುತ್ತಿದ್ದರು. ಒಂದೊಂದು ಬಾಳೆಹಣ್ಣು ಸಿಕ್ಕಿತು. ಶೆಟ್ಟರು ನನ್ನ ಕಡೆ ನೋಡದೆ ತಿಂದರು. ಯಾರೋ ನನಗೆ ಕುರ್ಚಿ ತಂದಿಟ್ಟರು. ಥ್ಯಾಂಕ್ಸ್ ಹೇಳಿ ನಿಂತೇ ತಿಂದೆ.