ಕೊನೆಯ ಬೆಂಚಿನಲ್ಲಿ ದೊಡ್ಡ ಟೀಚರ್

ಇಷ್ಟು ವರ್ಷವಾದರೂ ಆ ದಿನವನ್ನು ನಾನು ಮರೆತಿಲ್ಲ.

ಪಾಠದ ಹೊತ್ತಿನಲ್ಲಿ ದೊಡ್ಡ ಟೀಚರ್ ಕೂತದ್ದನ್ನು ಇಪ್ಪತ್ತಾರು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ಮಂಡಿ ಊದಿಕೊಂಡರೂ ಬೋರ್ಡಿನ ಮುಂದೆ ನಿಂತೇ ಇರುತ್ತಿದ್ದರು. ಕೊನೆಗೂ ಅವರನ್ನು ಕೂರಿಸಿದ್ದು ನಮ್ಮ ವಿಶ್ವವಿದ್ಯಾಲಯ, ಅದಕ್ಕೆ ನೆಪ ನಾನು.

ಶಿಕ್ಷಕರ ತರಬೇತಿಗೆಂದು ವಿಶ್ವವಿದ್ಯಾಲಯವೂ ಅವರ ಶಾಲೆಯೂ ಒಪ್ಪಂದ ಮಾಡಿಕೊಂಡಿದ್ದವು. ಎಂಟು ವಾರ ನಾನು ಅವರ ನಾಲ್ಕನೇ ತರಗತಿಗೆ ಪಾಠ ಮಾಡಬೇಕು. ಅವರು ಕೊನೆಯ ಬೆಂಚಿನಲ್ಲಿ ಕೂತು, ಬಾಯಿ ಬಿಡದೆ, ನನ್ನ ತಪ್ಪುಗಳನ್ನು ಫಾರಂನಲ್ಲಿ ತುಂಬಬೇಕು. ಬಾಯಿ ಬಿಡಬಾರದೆಂಬ ಷರತ್ತು ಹಾಕಿದ ಪ್ರೊಫೆಸರ್ ದೊಡ್ಡ ಟೀಚರನ್ನು ಒಮ್ಮೆಯೂ ಕಂಡವರಲ್ಲ, ಅದಂತೂ ಖಾತ್ರಿ.

"ಒಂದನೇ ಕ್ಲಾಸಿಂದ ಇವರನ್ನ ಕೈ ಹಿಡಿದು ತಂದಿದ್ದೀನಿ ಕಣಮ್ಮ," ಅಂದರು ಮೊದಲ ದಿನವೇ. "ನನ್ನ ಹತ್ರ ಓದೋಕೆ ಬರದ ಮಗು ಒಂದೂ ಇಲ್ಲ. ಇನ್ನೆರಡು ತಿಂಗಳಿಗೆ ದೊಡ್ಡ ಸ್ಕೂಲಿಗೆ ಹೋಗ್ತಾರೆ. ಅಷ್ಟರಲ್ಲಿ ನೀನು ಕೆಡಿಸದೇ ಇದ್ರೆ ಸಾಕು."

ಅವರ ಜೀವಮಾನದ ಹೆಮ್ಮೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಸ್ವಂತ ಮಗ ಕಾಲೇಜಿನಲ್ಲಿ ಫೇಲಾದಾಗ, "ಅವನು ನನ್ನ ಕ್ಲಾಸಲ್ಲಿ ಓದಿದೋನಲ್ಲ" ಎಂದು ಕೈ ತೊಳೆದುಕೊಂಡ ತಾಯಿ ಅವರು.

ಮೂರನೇ ದಿನ ಬೋರ್ಡಿನ ಮೇಲೆ ಆರು ಸಾಲು ಬರೆದೆ. ತಿರುಗುವಾಗ ಮೊಣಕೈ ತಾಗಿ ಎರಡು ಪದಗಳು ಅರ್ಧರ್ಧ ಅಳಿಸಿಹೋದವು. ನನಗೆ ಅದು ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದೆ ನೋಡಿದರೆ ದೊಡ್ಡ ಟೀಚರ್ ಮುಖ ಬಿಳಿಚಿಕೊಂಡಿತ್ತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆದರೆ ಅವರು ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಹುಡುಗಿಯ ನೋಟ್‌ಬುಕ್ಕನ್ನು. ತರಗತಿಗೆಲ್ಲ ಅಂದವಾದ ಅಕ್ಷರ ಅವಳದು, ತಂಟೆಯಿಲ್ಲ, ತಕರಾರಿಲ್ಲ. ಉಳಿದ ಮಕ್ಕಳು ಅಳಿಸಿದ ಪದಗಳನ್ನು ತಾವೇ ಪೂರ್ತಿ ಮಾಡಿ ಬರೆದುಕೊಂಡಿದ್ದರು. ಇವಳು ಮಾತ್ರ ಅರ್ಧ ಅಕ್ಷರಗಳನ್ನು ಅರ್ಧವಾಗಿಯೇ ಬರೆದು, ನನ್ನ ಮೊಣಕೈ ಎಳೆದ ಗೀರನ್ನೂ ಬಿಡದೆ ಪೆನ್ಸಿಲಿನಲ್ಲಿ ಇಳಿಸಿದ್ದಳು.

ಷರತ್ತನ್ನು ದೊಡ್ಡ ಟೀಚರ್ ಗಾಳಿಗೆ ತೂರಿದರು. "ಮೊದಲನೇ ಸಾಲು ಓದು ಪುಟ್ಟಿ," ಅಂದರು.

ಹುಡುಗಿ ಎದ್ದು ನಿಂತು, ಪುಟದ ಮೇಲೆ ಬೆರಳಿಟ್ಟು, ಹಿಂದಿನ ವಾರದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಅವಳಿಗೆ ಓದಲು ಬರುತ್ತಿರಲಿಲ್ಲ. ನಾಲ್ಕು ವರ್ಷ ಬೋರ್ಡನ್ನು ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದಳು, ಪಾಠವನ್ನು ಕಿವಿಯಿಂದಲೇ ಬಾಯಿಪಾಠ ಮಾಡುತ್ತಿದ್ದಳು.

ಅವಳೊಬ್ಬಳನ್ನು ಉಳಿಸಿಕೊಂಡು ಉಳಿದ ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟೆ. ದೊಡ್ಡ ಟೀಚರ್ ಎದ್ದೇಳಲಿಲ್ಲ. ನೋಟ್‌ಬುಕ್ಕಿನ ಪುಟ ಮಗುಚುತ್ತ ಹೋದರು. ಪುಟಪುಟದ ಕೆಳಗೂ ಕೆಂಪು ಶಾಯಿಯಲ್ಲಿ ಅವರದೇ ದುಂಡು ಕೈಬರಹ: "ತುಂಬಾ ಚೆನ್ನಾಗಿದೆ."

"ನಿಮ್ಮಮ್ಮನ ಹತ್ರ ನಾನು ಮಾತಾಡ್ಬೇಕು ಪುಟ್ಟಿ," ಅಂದರು.

ಹುಡುಗಿ ಗಾಬರಿಯಾಗಿ ನೋಟ್‌ಬುಕ್ಕನ್ನು ಅವರ ಕೈಯಿಂದ ಎಳೆದುಕೊಂಡು ಎದೆಗವಚಿಕೊಂಡಳು. "ಅಮ್ಮಂಗೆ ಇದನ್ನ ತೋರಿಸ್ಬೇಡಿ ಟೀಚರ್. ನಾನು ಒಂದ್ಸಲಾನೂ ತೋರಿಸಿಲ್ಲ."

"ಯಾಕಮ್ಮ?"

"ದಿನಾ ಕೆಂಪಲ್ಲಿ ಇಷ್ಟೊಂದು ಬೈದಿದ್ದೀರಲ್ಲ."