ಕಾಗೆ ಕಣಿವೆಗೆ ಹೋದ ರತ್ನಮ್ಮ

ವಿದನ್‌ಶಾ ಎಂಬ ಇಂಗ್ಲಿಷ್ ಊರಿನಲ್ಲಿ ನೆಲೆಸಿದ್ದ ರತ್ನಮ್ಮನವರಿಗೆ ಗಂಡನ ತಿಥಿ ಬಂತೆಂದರೆ ತಲೆಬಿಸಿ. ಎಡೆಯನ್ನು ಕಾಗೆ ಮುಟ್ಟದೆ ಅವರು ಉಣ್ಣುವವರಲ್ಲ. ಹಿತ್ತಲಲ್ಲೋ ಬರೀ ಪಾರಿವಾಳಗಳ ಕಾಟ. ವೇಲ್ಸಿನಲ್ಲಿ ಕುಂಬ್ರಾನ್ ಎಂಬ ಹೊಸ ಪಟ್ಟಣವಿದೆ, ಆ ಹೆಸರಿಗೆ ಕಾಗೆಯ ಕಣಿವೆ ಎಂದರ್ಥ ಎಂದು ಮಗ ಮಿಥುನ್ ಹೇಳಿದ್ದೇ ತಡ, ಈ ಸಲ ಅಲ್ಲಿಗೇ ಕಾರು ಹೊರಡಿಸಿದರು. ದಾರಿಯುದ್ದಕ್ಕೂ ವಡೆಯ ಡಬ್ಬಿ ಅವರ ಮಡಿಲಲ್ಲೇ ಇತ್ತು.

ಪಾರ್ಕಿನ ಗೋಡೆಯ ಮೇಲೆ ಎಡೆ ಇಟ್ಟರು. ನಿಜಕ್ಕೂ ಒಂದು ಕಾಗೆ ಬಂತು. ಕತ್ತು ವಾರೆ ಮಾಡಿ ವಡೆಯನ್ನು ನೋಡಿತು. ಆಮೇಲೆ ಬೆಂಚಿನ ಕೆಳಗೆ ಯಾರೋ ಚೆಲ್ಲಿದ್ದ ಚಿಪ್ಸ್ ಕಚ್ಚಿಕೊಂಡು ಹಾರಿಹೋಯಿತು.

"ಅಮ್ಮಾ, ಮುಟ್ಟಲೇ ಇಲ್ವಲ್ಲ!" ಮಿಥುನ್ ಮುಖ ಬಾಡಿತು.

"ನಿಮ್ಮಪ್ಪನೇ ಕಣೋ," ಎನ್ನುತ್ತ ರತ್ನಮ್ಮ ಕಣ್ಣೊರೆಸಿಕೊಂಡು ವಡೆಗೆ ಕೈಹಾಕಿದರು. "ನಲವತ್ತು ವರ್ಷ ನನ್ನ ಅಡುಗೆ ಬಿಟ್ಟು ಹೊರಗಡೆ ತಿಂದವರು, ಈಗ ಬದಲಾಗ್ತಾರಾ? ಬಾ, ಊಟ ಮಾಡೋಣ."