ನೀಲಕ್ಕನ ಹಲ್ಲು

ನಿನ್ನೆ ಬೆಳಿಗ್ಗೆ ಮೊಮ್ಮಗಳು ಹಿತ್ತಲಲ್ಲಿ ಕೂತು ಇದ್ದಲಿ, ಉಪ್ಪು ಸೇರಿಸಿ ಕುಟ್ಟುತ್ತಿದ್ದಳು. ಮನೆಯಲ್ಲೇ ಹಲ್ಲು ಬೆಳ್ಳಗೆ ಮಾಡಿಕೊಳ್ಳುವುದು ಹೇಗೆಂದು ಯಾವುದೋ ವಾರಪತ್ರಿಕೆಯಲ್ಲಿ ಬಂದಿತ್ತಂತೆ. ಆ ಪುಡಿಯ ವಾಸನೆ ಮೂಗಿಗೆ ಬಿದ್ದದ್ದೇ ನಾನು ಎದ್ದು ಒಳಗೆ ಬಂದುಬಿಟ್ಟೆ. ಈ ವಿದ್ಯೆಯಲ್ಲಿ ಒಂದು ಕಾಲಕ್ಕೆ ನಾನೂ ದೊಡ್ಡ ಪಂಡಿತೆಯೇ. ನನಗಿದ್ದ ಶಿಷ್ಯೆ ಮಾತ್ರ ಒಬ್ಬಳೇ, ನನ್ನ ಒಡಹುಟ್ಟಿದ ಅಕ್ಕ.

ನಿಜಾಮರ ಕಾಲದ ಮಾತು. ನಮ್ಮದು ಬೇವೂರಿನ ಹತ್ತಿರದ ಒಂದು ಹಳ್ಳಿ. ಅವ್ವನ ತವರು ಗಂಗಾವತಿ. ನಾನು ಹುಟ್ಟಿದ ಮೇಲೆ ಅವ್ವ ಹಾಸಿಗೆ ಹಿಡಿದಳೆಂದು ನನ್ನನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಕಾಲುವೆಯ ನೀರು ಕುಡಿದು, ಮೂರು ಹೊತ್ತು ಅನ್ನ ಉಂಡು, ಹತ್ತು ವರ್ಷದವಳಾಗಿ ಊರಿಗೆ ಮರಳಿದೆ. ನನಗಿಂತ ಮೂರು ವರ್ಷ ದೊಡ್ಡವಳಾದ ನೀಲಕ್ಕ ಊರ ಬಾವಿಯ ನೀರು ಕುಡಿದು ಬೆಳೆದವಳು. ಅವಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದವು. ಊರಿನ ಬಹಳ ಜನರ ಹಲ್ಲು ಹಾಗೇ ಇದ್ದದ್ದರಿಂದ ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಅವ್ವನ ಹಲ್ಲು, ನನ್ನ ಹಲ್ಲು ಮಾತ್ರ ಮಲ್ಲಿಗೆ ಮೊಗ್ಗು. ನಮ್ಮಿಬ್ಬರಿಗೂ ಅದರ ಜಂಬವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬೆಳ್ಳಗಿರುವುದು ನಮ್ಮ ಶಿಸ್ತಿನ ಫಲವೆಂದೇ ನಂಬಿದ್ದೆವು.

ನೀಲಕ್ಕನಿಗೆ ಹದಿನಾರಾದಾಗ ಗಂಗಾವತಿ ಕಡೆಯವರು ಹೆಣ್ಣು ನೋಡಲು ಬಂದರು. ಹುಡುಗನ ತಾಯಿ ಅವಳ ಗದ್ದ ಹಿಡಿದು ಬಾಯಿ ತೆರೆಸಿ ನೋಡಿದಳು.

"ಹುಡಿಗಿ ತಂಬಾಕ ತಿಂತಾಳೇನ್ರಿ?"

"ಇಲ್ರಿ ಯವ್ವಾ," ಎಂದಳು ಅವ್ವ. ಅವಮಾನದಿಂದ ಅವಳ ಮುಖ ಕೆಂಪಾಗಿತ್ತು. "ಹಲ್ಲ ತಿಕ್ಕಾಕ ಬ್ಯಾಸರಾ ಅಕಿಗೆ. ಯುಗಾದಿ ಆದಮ್ಯಾಲ ಬಂದು ನೋಡ್ರಿ."

ಅವರು ಹೋದ ಮೇಲೆ ಅವ್ವ ಅಕ್ಕನಿಗೆ "ಹೊಲಸಿ" ಎಂದಳು. ಆ ಮಾತು ನಮ್ಮ ಮನೆಯಲ್ಲಿ ಹಾಗೇ ಉಳಿದುಬಿಟ್ಟಿತು.

ಆಗ ನಾನು ಗುರುವಾದೆ. ಮೊದಲು ಸಗಣಿ ಕುಳ್ಳಿನ ಬೂದಿ, ಆಮೇಲೆ ಇದ್ದಲಿ ಉಪ್ಪು. ಪಟ್ಟೆ ಜಗ್ಗಲಿಲ್ಲ. ಮಾವನ ಮನೆಯಲ್ಲಿ ತಾಮ್ರದ ಕೊಡವನ್ನು ಇಟ್ಟಂಗಿ ಪುಡಿ, ಹುಳಿ ಹಚ್ಚಿ ಬೆಳಗುತ್ತಿದ್ದುದು ನೆನಪಾಯಿತು. ಕೊಡ ಹೊಳೆಯುವುದಾದರೆ ಹಲ್ಲೇಕೆ ಹೊಳೆಯಬಾರದು? ನನ್ನ ಬುದ್ಧಿಗೆ ನಾನೇ ಬೆರಗಾದೆ. ಇಟ್ಟಂಗಿಯನ್ನು ಸಣ್ಣಗೆ ಅರೆದು, ನಿಂಬೆಹಣ್ಣು ಹಿಂಡಿ ಕೊಟ್ಟೆ.

"ಉರೀತೈತ್ಲೇ ತಂಗಿ," ಅನ್ನುತ್ತಿದ್ದಳು ಅಕ್ಕ.

"ಜೋರ್ಲೆ ತಿಕ್ಕಬೇ. ನಾ ಏನ್ ಸುಮ್ನ ಹಿಂಗ ಅದೀನೇನು?"

ಅವಳು ತಿಕ್ಕಿದಳು. ದಿನಾ ಬೆಳಿಗ್ಗೆ, ಉಗುಳಿದ್ದರಲ್ಲಿ ರಕ್ತ ಕಾಣುವ ತನಕ ತಿಕ್ಕಿದಳು. ಯುಗಾದಿಯ ಹೊತ್ತಿಗೆ ತಣ್ಣೀರು ಕುಡಿದರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನುಂಗುತ್ತಿದ್ದಳು. ಪಟ್ಟೆ ಅಲ್ಲೇ ಇತ್ತು. ವಸಡು ಬಾತಿತ್ತು.

ಗಂಡಿನ ಕಡೆಯವರು ಮತ್ತೆ ಬಂದರು. ಅಕ್ಕನ ಬಾಯಿ ನೋಡಿ ಹುಡುಗನ ತಾಯಿ ಮುಖ ತಿರುಗಿಸಿದಳು. ಆಗ ನಾನು ನೀರಿನ ತಂಬಿಗೆ ತಂದು ಮುಂದಿಟ್ಟೆ, ಸುಮ್ಮನೆ ಇಡದೆ ಹಲ್ಲು ಬಿಟ್ಟು ನಕ್ಕೆ. "ಇಕಿ ಆದ್ರ ಛಲೋ ಅದಾಳ್ರಿ," ಎಂದಳು ಅವಳು. ಎರಡು ವರ್ಷದ ಮೇಲೆ ಆ ಮನೆಗೆ ಸೊಸೆಯಾಗಿ ಹೋದವಳು ನಾನು. ಅಕ್ಕನನ್ನು ತಳಕಲ್ಲಿನ ಒಬ್ಬ ವಿಧುರನಿಗೆ ಕೊಟ್ಟರು. ಮಕ್ಕಳ ಮದುವೆಯಲ್ಲಿಯೂ ಅವಳು ಬಾಯಿಗೆ ಸೆರಗು ಹಿಡಿದೇ ನಕ್ಕಳು.

ಹೋದ ತಿಂಗಳು ಕೊಪ್ಪಳದಲ್ಲಿ ಹಲ್ಲಿನ ಡಾಕ್ಟರರಿಗೆ ಮಾತಿನ ನಡುವೆ ನಮ್ಮ ಊರಿನ ಹೆಸರು, ಅಕ್ಕನ ಹಲ್ಲಿನ ಪಟ್ಟೆಯ ಸಂಗತಿ ಹೇಳಿದೆ. "ಅದು ಕೊಳೆ ಅಲ್ರಿ ಅಜ್ಜಿ, ಆ ಬಾವಿ ನೀರಿನ ಗುಣ. ಸಣ್ಣವರಿದ್ದಾಗ ಕುಡಿದ್ರ ಒಳಗಿಂದಾನ ಹಂಗ ಬರತಾವ. ಎಷ್ಟ್ ತಿಕ್ಕಿದ್ರೂ ಹೋಗೂದಿಲ್ಲ," ಎಂದರು.

ಇವತ್ತು ತಳಕಲ್ಲಿಗೆ ಬಂದಿದ್ದೇನೆ. ಈಗ ಅಕ್ಕನ ಬಾಯಲ್ಲಿ ಒಂದೂ ಹಲ್ಲಿಲ್ಲ. ಡಾಕ್ಟರರು ಹೇಳಿದ್ದನ್ನೆಲ್ಲ ಅವಳ ಕಿವಿಯ ಹತ್ತಿರ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ.

"ಹಂಗಾರ ನಾ ಹೊಲಸ ಇರಲಿಲ್ಲ?"

"ಇರಲಿಲ್ಲಕ್ಕ."

"ಇದನ್ನ ಅವ್ವಗ ಯಾರರ ಹೇಳಬೇಕಾಗಿತ್ತು," ಎಂದು ಅಕ್ಕ ಅಳತೊಡಗಿದಳು.